ಗವರ್ನರನ ಕಲ್ಲಿನಲ್ಲಿ ಅಳಿಸಿದ ಸಾಲು

೧೯೮೯ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಬರೆದವನು ಫಲಿತಾಂಶ ಕೇಳಲಿಕ್ಕೂ ಹೋಗದೆ ಕಾರ್ಕಳದ ಹತ್ತಿರದ ಕಲ್ಲಿನ ಕೋರೆಗೆ ಸೇರಿದೆ. ಅದಕ್ಕೆ ನಾಚಿಕೆಪಟ್ಟವನಲ್ಲ. ಈಗ ಹೇಳಲು ಹೊರಟಿರುವುದು ಅದಾಗಿ ಎಷ್ಟೋ ಕಾಲದ ಮೇಲಿನ ಮಾತು: ಕತಾರಿನ ನನ್ನ ಶೆಡ್ಡಿನಲ್ಲಿ ಒಬ್ಬ ರೋಮನ್ ಗವರ್ನರನ ಇಡೀ ಬದುಕನ್ನು ಕಲ್ಲಿಗೆ ಇಳಿಸಿದ ಕೆಲಸದ್ದು.

ದೋಹಾದ ಕೈಗಾರಿಕಾ ಪ್ರದೇಶವನ್ನು ನಾವೆಲ್ಲ ಸನಾಯ ಎನ್ನುತ್ತೇವೆ. ಅಲ್ಲಿ ನಮ್ಮ ವರ್ಕ್‌ಶಾಪ್. ವಿಲ್ಲಾಗಳ ಮೆಟ್ಟಿಲು, ಅಡುಗೆಮನೆಯ ಕಟ್ಟೆ, ಅತಿಥಿಗಳು ಕೂರುವ ಮಜ್ಲಿಸಿನ ನೆಲ, ಇವು ನಿತ್ಯದ ಕೆಲಸ. ಒಂದು ಜುಲೈ ತಿಂಗಳ ಬೆಳಿಗ್ಗೆ ಮ್ಯೂಸಿಯಮ್ಮಿನಿಂದ ಒಬ್ಬ ಮೇಡಂ ಬಂದರು. ಮೈಸೂರಿನವರು, ಇಲ್ಲಿ ಐನ್ ಖಾಲಿದ್ ಬಡಾವಣೆಯಲ್ಲಿ ಮನೆ. ಹಳೆಯ ಶಾಸನಗಳನ್ನು ಓದುವುದು ಅವರ ಉದ್ಯೋಗ. ನನ್ನ ಹಿಂದಿ ಕೇಳಿದ ಕೂಡಲೇ, "ಕನ್ನಡದಲ್ಲೇ ಮಾತಾಡಿ, ನಿಮ್ ಉಚ್ಚಾರಣೆಯಲ್ಲೇ ಗೊತ್ತಾಯ್ತು" ಎಂದು ನಕ್ಕರು.

ಅವರು ಮೇಜಿನ ಮೇಲೆ ಹರಡಿದ ಫೋಟೋದಲ್ಲಿ ಆಳೆತ್ತರದ ಕಪ್ಪು ಕಲ್ಲು, ಅದರ ತುಂಬ ಲ್ಯಾಟಿನ್ ಅಕ್ಷರ. ಒಂದು ಕಾಲದಲ್ಲಿ ಅದರ ಮೇಲೆ ಒಬ್ಬನ ಪ್ರತಿಮೆ ಇತ್ತಂತೆ. ಪ್ರತಿಮೆ ಹೋಗಿ ಪೀಠ ಉಳಿದಿದೆ. ಮೂಲ ಕಲ್ಲು ಬೇರೆ ದೇಶದಲ್ಲಿದೆ, ಅಲುಗಾಡಿಸುವಂತಿಲ್ಲ. ದೋಹಾದ ಪ್ರದರ್ಶನಕ್ಕೆ ಅದರ ಮುಂಭಾಗದ ಪ್ರತಿ ಬೇಕು. ಗಾಜಿನ ಪೆಟ್ಟಿಗೆಯೊಳಗೆ ಇಡಲಿಕ್ಕಲ್ಲ, ಕಣ್ಣು ಕಾಣದವರು ಮುಟ್ಟಿ ಓದಲಿಕ್ಕೆ.

"ಕಂಟ್ರಾಕ್ಟರು ರೆಸಿನ್‌ನಲ್ಲಿ ಪ್ರಿಂಟ್ ಮಾಡಿಸಿ ಕಪ್ಪು ಬಣ್ಣ ಹೊಡೀತೀನಿ ಅಂತಾರೆ," ಎಂದರು ಮೇಡಂ. "ಮುಟ್ಟಿದ್ರೆ ಪ್ಲಾಸ್ಟಿಕ್ ಬಕೆಟ್ ಮುಟ್ಟಿದ ಹಾಗಿರತ್ತೆ. ನನಗೆ ಕಲ್ಲೇ ಬೇಕು. ಆಗತ್ತಾ ನಿಮ್ ಕೈಲಿ?"

"ಕಲ್ಲು ನಮ್ಮ ಕಸುಬು ಮೇಡಂ. ಆಗ್ದೆ ಎಂಥದು?"

ಹೇಳಿಬಿಟ್ಟೆ. ಆದರೆ ಮ್ಯೂಸಿಯಮ್ಮಿನ ಕೆಲಸ ಅಲ್ಲಿಯವರೆಗೆ ನಾನು ಮಾಡಿದ್ದೇ ಇಲ್ಲ. ಕಂಟ್ರಾಕ್ಟ್ ಕಂಪನಿಯ ಸೈಟ್ ಮ್ಯಾನೇಜರ್ ಮಾರನೆಯ ದಿನವೇ ಫೋನ್ ಮಾಡಿ ಶರತ್ತು ಹೇಳಿದ. ಹಾಲಿನ ಗಾಜಿನ ಗೋಡೆ ನಿಲ್ಲಿಸುವ ಮೊದಲು ಕಲ್ಲು ಒಳಗೆ ಬರಬೇಕು. ಗೋಡೆ ಎದ್ದ ಮೇಲೆ ಫೋರ್ಕ್‌ಲಿಫ್ಟ್ ನುಗ್ಗುವುದಿಲ್ಲ. ಆಗ ಇಬ್ಬರು ಎತ್ತಿ ಇಡಬಹುದಾದ ರೆಸಿನ್ನೇ ಗತಿ. ಒಂದೋ ನಮ್ಮ ಕಲ್ಲು, ಇಲ್ಲವೋ ಬಣ್ಣ ಹೊಡೆದ ಪ್ಲಾಸ್ಟಿಕ್. ನಮ್ಮ ಶೆಡ್ಡು ಅಡುಗೆಮನೆ ಕಟ್ಟೆಗೇ ಸೈ ಎಂದು ಈ ಊರಿನಲ್ಲಿ ಹೇಳಿಸಿಕೊಳ್ಳುವ ಮನಸ್ಸು ನನಗೆ ಇರಲಿಲ್ಲ.

ಕೆಲಸಕ್ಕೆ ಮೂವರನ್ನು ಆರಿಸಿದೆ. ಸ್ಕ್ಯಾನ್ ಮಾಡಿದ ಆಕಾರವನ್ನು ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರಕ್ಕೆ ಕೂರಿಸಲು ಒಬ್ಬ ಮಲಯಾಳಿ ಆಪರೇಟರ್. ಅಕ್ಷರಗಳನ್ನು ಉಳಿಯಿಂದ ತೀಡಲು ರಾಜಸ್ಥಾನದ ಕೆತ್ತನೆಗಾರ, ವಯಸ್ಸಿನಲ್ಲಿ ನನಗಿಂತ ಹಿರಿಯ, ನಾವೆಲ್ಲ ಅವನನ್ನು ಉಸ್ತಾದ್ ಎನ್ನುತ್ತೇವೆ. ಕೊನೆಯ ಕೈ ಹಾಕಲು ಮೂಡಬಿದ್ರೆ ಕಡೆಯ ನಮ್ಮ ಪಾಲಿಶ್‌ನವ. ಅವನು ತಿಕ್ಕಿದ ಕಲ್ಲಿನಲ್ಲಿ ಮುಖ ನೋಡಿ ಗಡ್ಡ ಬೋಳಿಸಿಕೊಳ್ಳಬಹುದು. ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

ಮೇಡಂ ಇನ್ನೊಂದು ದಿನ ಬಂದು ಎಲ್ಲರನ್ನೂ ಕೂರಿಸಿಕೊಂಡು ಕಲ್ಲು ಓದಿ ಹೇಳಿದರು. ಕಲ್ಲಿನಲ್ಲಿ ದೊಡ್ಡ ಹುದ್ದೆ ಮೇಲಿದೆ, ಚಿಕ್ಕದು ಕೆಳಗೆ. ಬದುಕು ಕಾಣಬೇಕಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು.

"ಇವನು ಸೆನೆಟರ್. ರೋಮಿನ ಹಿರಿಯರ ಸಭೆಯ ಸದಸ್ಯ. ಆದ್ರೆ ಶುರು ಎಲ್ಲಿಂದ ನೋಡಿ. ರೋಮಿನ ಬೀದಿಗಳನ್ನ ಚೊಕ್ಕಟವಾಗಿ ಇಡಿಸೋ ನಾಲ್ಕು ಜನರಲ್ಲಿ ಒಬ್ಬ."

"ಬಲದಿಯಾ!" ಎಂದ ಪಾಲಿಶ್‌ನವ. ಇಲ್ಲಿಯ ನಗರಸಭೆಗೆ ಅರಬ್ಬಿಯಲ್ಲಿ ಹಾಗೆನ್ನುತ್ತಾರೆ. "ಕಸದ ಲಾರಿಯ ಸಾಹೇಬ ಅಂತಾಯ್ತು."

"ಹಾಗೇ ಇಟ್ಕೊಳ್ಳಿ. ಆಮೇಲೆ ಸೈನ್ಯದಲ್ಲಿ ಕಿರಿಯ ಅಧಿಕಾರಿ, ಡ್ಯಾನ್ಯೂಬ್ ನದಿ ಕಡೆ ಚಳಿಯಲ್ಲಿ. ಆಮೇಲೆ ಖಜಾನೆ ಅಧಿಕಾರಿ. ಆಮೇಲೆ ಜನಸಾಮಾನ್ಯರ ಪರ ನಿಲ್ಲೋ ಒಂದು ಹುದ್ದೆ. ಆಮೇಲೆ ನ್ಯಾಯಾಧೀಶ. ಆಮೇಲೆ ಒಂದು ಇಡೀ ಪಡೆಗೆ ದಂಡನಾಯಕ. ಇಲ್ಲಿ ನೋಡಿ, ಅರೇಬಿಯಾ ಪ್ರಾಂತದ ಗವರ್ನರ್."

"ಅರೇಬಿಯಾ ಅಂದ್ರೆ ಇಲ್ಲಿಗೂ ಇವನೇಯಾ ಧಣಿ?" ಎಂದ ಪಾಲಿಶ್‌ನವ.

"ಇಲ್ಲ ಕಣ್ರೀ, ಇಲ್ಲಿವರೆಗೂ ಬರ್ಲಿಲ್ಲ. ಈಗಿನ ಜೋರ್ಡಾನು, ಸಿರಿಯಾದ ದಕ್ಷಿಣ ಭಾಗ. ಅಲ್ಲಿರುವಾಗ್ಲೇ ಅವನನ್ನ ಕಾನ್ಸಲ್ ಅಂತ ಆರಿಸಿದ್ರು. ಅದಕ್ಕಿಂತ ಮೇಲೆ ಚಕ್ರವರ್ತಿ ಒಬ್ಬನೇ."

ನಾನು ಮೆಟ್ಟಿಲು ಕೂರಿಸುವವನು. ನನಗೆ ಹಿಡಿಸಿದ್ದು ಅವನು ಒಂದು ಮೆಟ್ಟಿಲನ್ನೂ ಹಾರಿರಲಿಲ್ಲ ಎಂಬುದು. ಬೀದಿ ಚೊಕ್ಕಟ ಮಾಡಿಸಿದವನಿಗೆ ಚಳಿ ಗೊತ್ತಾಯಿತು, ಚಳಿ ಕಂಡವನಿಗೆ ಲೆಕ್ಕ ಗೊತ್ತಾಯಿತು, ಲೆಕ್ಕ ಕಂಡವನು ನ್ಯಾಯ ಹೇಳಿದ. ಆಮೇಲೆ ಅವನ ಕೈಗೆ ಒಂದು ನಾಡು ಕೊಟ್ಟರು. ಪ್ರತಿಮೆ ನಿಲ್ಲಿಸಿದ್ದು ಯಾರು ಎಂದು ಕೇಳಿದೆ. ಮೇಡಂ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅವನ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಸೈನಿಕ. 'ಅತ್ಯಂತ ನ್ಯಾಯವಂತನಾದ ಗವರ್ನರನಿಗೆ' ಎಂದು ಬರೆಸಿದ್ದನಂತೆ.

"ಧಣಿಗೆ ಡ್ರೈವರ್ ಫ್ಲೆಕ್ಸ್ ಹಾಕಿಸಿದ ಹಾಗೆ," ಎಂದ ಪಾಲಿಶ್‌ನವ. ಎಲ್ಲರೂ ನಕ್ಕೆವು. ಆದರೆ ಕುದುರೆಯವನು ಹೊಗಳಬೇಕಾದರೆ ಧಣಿಯಲ್ಲಿ ಏನೋ ಇದ್ದಿರಲೇಬೇಕು ಎಂದು ನನಗೆ ಅಂದೇ ಅನ್ನಿಸಿತು. ಕೈಕೆಳಗಿನವರು ಸುಲಭಕ್ಕೆ ಒಪ್ಪುವವರಲ್ಲ. ನನ್ನ ಕೈಕೆಳಗೂ ಜನ ಇದ್ದಾರೆ, ನನಗೆ ಗೊತ್ತು.

ಕಲ್ಲು ಹುಡುಕಿದೆವು. ಮೂಲದ್ದು ಜ್ವಾಲಾಮುಖಿಯ ಕಪ್ಪು ಕಲ್ಲು, ಸಾಸಿವೆ ಗಾತ್ರದ ರಂಧ್ರಗಳಿರುವಂಥದು. ಒಂದು ಯಾರ್ಡಿನಲ್ಲಿ ಅಂಥದೇ ಎರಡು ಹಲಗೆ ಸಿಕ್ಕಿದವು, ಒಂದೇ ಬಂಡೆಯಿಂದ ಕೊಯ್ದವು. ಒಂದು ಗವರ್ನರನಿಗೆ. ಇನ್ನೊಂದನ್ನು ಅಲ್ ಖೋರ್‌ನ ಒಬ್ಬ ಗಿರಾಕಿಯ ಅಂಗಳದ ಕಾರಂಜಿಗೆಂದು ಎತ್ತಿಟ್ಟೆ. ಹಲಗೆಗೆ ನೀರು ಚಿಮುಕಿಸಿ ಒಣಗುವುದನ್ನು ನೋಡಿದೆವು. ಒಳಬಿರುಕು ಇದ್ದರೆ ಆ ಗೆರೆಯಲ್ಲಿ ಮಾತ್ರ ಒದ್ದೆ ಉಳಿಯುತ್ತದೆ. ಎಲ್ಲೂ ಉಳಿಯಲಿಲ್ಲ. ಯಂತ್ರ ಅಕ್ಷರಗಳ ತೋಡು ತೆಗೆಯಿತು, ಉಸ್ತಾದ್ ಒಂದೊಂದನ್ನೂ ಉಳಿಯಿಂದ ಚೂಪು ಮಾಡಿದ. ಅಕ್ಷರ ಓದಲು ಬಾರದಿದ್ದರೂ ಕೆತ್ತಿದ ಹಳಬನ ಕೈ ಅವನಿಗೆ ಗೊತ್ತಾಗುತ್ತಿತ್ತು. "ಈ ಮನುಷ್ಯ ಎಡಗಡೆಯಿಂದ ಹೊಡೆದಿದ್ದಾನೆ ಭಾಯ್‌ಸಾಬ್, ಗೆರೆಯ ಬಾಲ ನೋಡಿ," ಎನ್ನುತ್ತಿದ್ದ.

ಮೂಲ ಕಲ್ಲಿನ ನಡುವೆ, ಖಜಾನೆ ಹುದ್ದೆ ಬರೆದ ಕಡೆ, ಅರ್ಧ ಸಾಲಿನಷ್ಟು ಜಾಗ ಒರಟಾಗಿ ಕೆಳಗಿಳಿದಿತ್ತು. ಸ್ಕ್ಯಾನಿನಲ್ಲಿ ಇದ್ದುದರಿಂದ ಯಂತ್ರ ಅದನ್ನೂ ತೋಡಿತ್ತು. ಕಾಲದ ಏಟು ಎಂದುಕೊಂಡೆವು. ಇಲ್ಲಿ ನಮ್ಮ ಶೆಡ್ಡಿನ ಒಂದು ಪದ್ಧತಿ ಹೇಳಬೇಕು. ವಿಲ್ಲಾದ ಗಿರಾಕಿ ಕಲ್ಲು ಒಪ್ಪಿಸಿಕೊಳ್ಳುವಾಗ ಟಾರ್ಚ್ ಹಿಡಿದು ಗುಂಡಿ ಹುಡುಕುತ್ತಾನೆ. ಒಂದು ಸಿಕ್ಕಿದರೆ ಇಡೀ ಹಲಗೆ ವಾಪಸ್ಸು. ಹಾಗಾಗಿ ಒಪ್ಪಿಸುವ ಮೊದಲು ಎಲ್ಲ ಗುಂಡಿಯನ್ನೂ ಕಲ್ಲಿನ ಪುಡಿ ಕಲಸಿದ ಕಪ್ಪು ರೆಸಿನ್‌ನಿಂದ ತುಂಬಿ ತಿಕ್ಕಬೇಕು. ನಾನೇ ಹಾಕಿದ ನಿಯಮ ಅದು.

ಪಾಲಿಶ್‌ನವ ನಿಯಮ ಪಾಲಿಸಿದ. ಗುರುವಾರ ಸಂಜೆ ನನ್ನನ್ನು ಕರೆದು ತೋರಿಸಿದ. ತಗ್ಗು ಜಾಗ ಮಾಯವಾಗಿ ಅಲ್ಲಿ ಟ್ಯೂಬ್‌ಲೈಟಿನ ಬಿಂಬ ಕಾಣುತ್ತಿತ್ತು. "ಲಾಯ್ಕ್ ಆಯ್ತು ಮಾರಾಯ," ಎಂದು ನಾನೇ ಬೆನ್ನು ತಟ್ಟಿದೆ.

ಶನಿವಾರ ಮೇಡಂ ಬಂದರು. ಕಲ್ಲಿನ ಎದುರು ನಿಂತವರ ಕೈಯಿಂದ ಚೀಲ ಜಾರಿತು.

"ಅಯ್ಯೋ, ಆ ಸಾಲು ಎಲ್ಲಿ ಹೋಯ್ತ್ರೀ?"

"ಯಾವ ಸಾಲು ಮೇಡಂ?"

"ಅಳಿಸಿದ್ದು!"

"ಅಳಿಸಿದ್ದು ಅಲ್ವಾ, ಮತ್ತೆ ಅಲ್ಲಿ ಎಂಥ ಇರ್ತದೆ?" ಎಂದ ಪಾಲಿಶ್‌ನವ, ನಿಜಕ್ಕೂ ಅರ್ಥವಾಗದೆ.

ಮೇಡಂ ಸಿಟ್ಟು ಮಾಡಲಿಲ್ಲ. ಒಂದು ಸ್ಟೂಲ್ ಎಳೆದು ಕುಳಿತು ಹೇಳಿದರು. ಖಜಾನೆಯ ಹುದ್ದೆಗೆ ಈ ಯುವಕನ ಹೆಸರು ಸೂಚಿಸಿದ್ದು ಚಕ್ರವರ್ತಿಯೇ. ಅದು ದೊಡ್ಡ ಗೌರವ, ಹಾಗಾಗಿ ಚಕ್ರವರ್ತಿಯ ಹೆಸರನ್ನೂ ಕಲ್ಲಿನಲ್ಲಿ ಬರೆಸಿದ್ದರು. ಮುಂದೆ ಚಕ್ರವರ್ತಿಯನ್ನು ಕೊಂದರು. ಅವನ ಹೆಸರು ಎಲ್ಲೂ ಉಳಿಯಬಾರದೆಂದು ಅಪ್ಪಣೆಯಾಯಿತು. ರಾಜ್ಯದ ತುಂಬ ಜನ ಉಳಿ ಹಿಡಿದು ಹೊರಟರು. ಈ ಕಲ್ಲಿಗೂ ಒಬ್ಬ ಬಂದ.

"ಆ ಚಕ್ರವರ್ತಿ ಮೇಲೆ ತಂದವರೆಷ್ಟೋ ಜನ ಅವನ ಜೊತೆಗೇ ಮುಳುಗಿದ್ರು. ಇವನ ಪ್ರತಿಮೆ ಉರುಳಿಸ್ಲಿಲ್ಲ, ಇವನ ಹೆಸರು ಮುಟ್ಲಿಲ್ಲ. ಧಣಿ ಹೆಸರು ಹೋಯ್ತು, ಇವನ ಕೆಲಸ ನಿಂತ್ಕೊಳ್ತು. ನನಗೆ ಇಡೀ ಕಲ್ಲಲ್ಲಿ ಆ ಅರ್ಧ ಸಾಲೇ ಮುಖ್ಯ. ಅದರಡಿ ಒಂದೆರಡು ಅಕ್ಷರದ ಕಾಲು ಇನ್ನೂ ಬೆರಳಿಗೆ ಸಿಗತ್ತೆ. ನಾನು ಮೊದಲೇ ಹೇಳ್ಬೇಕಿತ್ತು, ಫೋಟೋದಲ್ಲೇ ಇದ್ಯಲ್ಲ ಅಂತ ಸುಮ್ನಾದೆ."

ಪಾಲಿಶ್‌ನವನ ಮುಖ ಅವನ ರೆಸಿನ್‌ಗಿಂತ ಕಪ್ಪಾಯಿತು. "ನಾನೇ ತೆಗೀತೇನೆ," ಎಂದು ಹೀಟ್‌ಗನ್ ಹಿಡಿದ. ಬಿಸಿ ಮಾಡಿ, ಸೂಜಿಯಲ್ಲಿ ಕೆದಕಿ, ಊಟಕ್ಕೂ ಏಳದೆ ಇಡೀ ವಾರ ತೆಗೆದ. ರೆಸಿನ್ ಕಿತ್ತು ಬಂತು. ಆದರೆ ರಂಧ್ರಗಳೊಳಗೆ ಹೊಳಪು ಉಳಿಯಿತು. ಅದಕ್ಕಿಂತ ದೊಡ್ಡ ತೊಂದರೆ ಕೆಳಗೆ ಕಾಣಿಸಿತು. ಯಂತ್ರದ ಗುಂಡುಮೊನೆ ಆ ಜಾಗವನ್ನು ತಟ್ಟೆಯ ಹಾಗೆ ನುಣ್ಣಗೆ ತೋಡಿತ್ತು. ಮೇಡಂ ಕಣ್ಣು ಮುಚ್ಚಿ ಬೆರಳಾಡಿಸಿದರು.

"ಸಾಬೂನು ಇಡೋ ಗುಂಡಿ ಥರ ಇದೆ," ಎಂದರು ಮೆಲ್ಲಗೆ. ಆ ಸಾಲಿಲ್ಲದೆ ಅವರು ಒಪ್ಪುವಂತಿರಲಿಲ್ಲ.

ಸೈಟ್ ಮ್ಯಾನೇಜರ್ ಅದೇ ಸಂಜೆ ಶೆಡ್ಡಿಗೆ ಬಂದ. ಕಲ್ಲನ್ನು ಒಂದು ಸುತ್ತು ಹಾಕಿ, "ಖಲಾಸ್ ಮುಅಲ್ಲಿಮ್," ಎಂದ. ಕಸುಬುದಾರರನ್ನು ಇಲ್ಲಿ ಗೌರವದಿಂದ ಮುಅಲ್ಲಿಮ್ ಎನ್ನುತ್ತಾರೆ. "ನೀನು ಪ್ರಯತ್ನಪಟ್ಟೆ. ಗಾಜಿನ ತಂಡ ಬರುವುದು ನಿಶ್ಚಯವಾಗಿದೆ. ನಾನು ರೆಸಿನ್‌ಗೆ ಆರ್ಡರ್ ಹಾಕುತ್ತೇನೆ." ಒಂದು ವಾರ ತಡೆ ಎಂದೆ. ವಾರದ ನಂತರ ಕಲ್ಲು ಸಿದ್ಧವಿಲ್ಲದಿದ್ದರೆ ತನ್ನನ್ನು ದೂರಬಾರದು ಎಂದು ಹೇಳಿ ಹೋದ.

ಆ ಒರಟನ್ನು ಕೈಯಿಂದ ಮಾಡಲು ಉಸ್ತಾದ್‌ಗೆ ಹೇಳಿದೆ. ಒಂದು ತುಂಡು ಕಲ್ಲಿನ ಮೇಲೆ ಅವನು ನಾಲ್ಕೈದು ಬಗೆಯಲ್ಲಿ ಕೊಚ್ಚಿ ನೋಡಿದ. ಕೋಳಿ ಕೆದರಿದ ಹಾಗೆ ಕಂಡಿತೇ ಹೊರತು ಅಳಿಸಿದ ಹಾಗೆ ಕಾಣಲಿಲ್ಲ. ಕೊನೆಗೆ ಉಳಿ ಎಸೆದು ರೇಗಿದ: "ಬರೆಯದೇ ಇದ್ದದ್ದನ್ನು ಅಳಿಸುವುದು ಹೇಗೆ ಭಾಯ್‌ಸಾಬ್? ನೀವೇ ಹೇಳಿ!"

ರೇಗಿ ಹೇಳಿದ ಮಾತು. ಆದರೆ ನನಗೆ ದಾರಿ ಕಂಡಿತು. ಅಳಿಸಿದವನ ಉಳಿ ಸುಮ್ಮನೆ ಓಡಿರಲಿಲ್ಲ, ಅಕ್ಷರಗಳನ್ನು ಅಟ್ಟಿಸಿಕೊಂಡು ಹೋಗಿತ್ತು. ಅಕ್ಷರವೇ ಇಲ್ಲದಿದ್ದರೆ ಉಳಿಗೆ ಏನು ಗುರಿ? ಮೊದಲು ಚಕ್ರವರ್ತಿಯ ಹೆಸರನ್ನು ಉಳಿದ ಅಕ್ಷರಗಳಷ್ಟೇ ಚೆಂದವಾಗಿ ಕೆತ್ತಬೇಕು. ಆಮೇಲೆ ಅದನ್ನು ಹೊಡೆಯಬೇಕು. ಹಳೆಯ ಹಲಗೆಯಲ್ಲಿ ಅದು ಆಗದು, ಜಾಗ ಆಗಲೇ ತಗ್ಗಾಗಿದೆ. ಕಾರಂಜಿಗೆ ಇಟ್ಟ ಹಲಗೆಯೇ ಬೇಕು.

ಅಲ್ ಖೋರ್‌ನ ಗಿರಾಕಿಗೆ ಫೋನ್ ಮಾಡಿ ಬೇರೆ ಕಲ್ಲು ತರಿಸಿಕೊಡುತ್ತೇನೆಂದೆ. ಅವರು ಕೇಳಲಿಲ್ಲ. ಕಾರಂಜಿಯ ಜೊತೆ ಅಂಗಳದ ಇಡೀ ಕೆಲಸವನ್ನೇ ಇನ್ನೊಬ್ಬನಿಗೆ ಕೊಟ್ಟರು. ಪಾಲಿಶ್‌ನವ ಕೇಳಿದ: "ಸತ್ತ ಗವರ್ನರನಿಗೋಸ್ಕರ ಬದುಕಿರುವ ಗಿರಾಕಿ ಬಿಡುದಾ?" ಹಲಗೆ ಎತ್ತಲು ಕ್ರೇನಿನ ಪಟ್ಟಿ ತಾ ಎಂದೆ. ತಂದ.

ಅಳಿಸಿದ ಕಡೆ ಯಾವ ಹೆಸರಿತ್ತೆಂದು ಉಳಿದ ಗೀರುಗಳಿಂದ ವಿದ್ವಾಂಸರು ಕಂಡುಕೊಂಡಿದ್ದಾರೆ. ಮೇಡಂ ಅದನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ಬರೆದುಕೊಟ್ಟರು. ನನ್ನ ಉಪಾಯ ಕೇಳಿ ಅವರ ಕಣ್ಣು ಅರಳಿದ್ದು ನನಗೆ ಕೂಲಿಗಿಂತ ಹೆಚ್ಚು. ಆಪರೇಟರ್ ಈ ಸಲ ಆ ಅರ್ಧ ಸಾಲನ್ನು ಯಂತ್ರದ ನಕ್ಷೆಯಿಂದ ತೆಗೆದ. ಉಸ್ತಾದ್ ಹೆಸರನ್ನು ಪೂರ್ತಿ ಕೈಯಲ್ಲೇ ಕೆತ್ತಿದ. ಅಂಥ ಅಕ್ಷರ ನಮ್ಮ ಶೆಡ್ಡಿನಲ್ಲಿ ಅದಕ್ಕೆ ಮೊದಲು ಹುಟ್ಟಿರಲಿಲ್ಲ. ಮುಗಿಸಿ, ಊದಿ ಧೂಳು ಹಾರಿಸಿ, ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟ.

"ಹೊಡೆಯುವುದಕ್ಕೆ ನನ್ನನ್ನು ಕರೆಯಬೇಡಿ," ಎಂದ. "ನನ್ನ ಕೈ ಏಳುವುದಿಲ್ಲ."

"ನಾನು ಹೊಡೀತೇನೆ, ತಪ್ಪು ನಂದೇ ಅಲ್ವಾ," ಎಂದ ಪಾಲಿಶ್‌ನವ.

ಬೇಡ ಎಂದೆ. ಬೆನ್ನು ತಟ್ಟಿದ್ದು ನಾನು. ಉಳಿ ನಾನೇ ಹಿಡಿದೆ.

ಶುರು ಮಾಡುವ ಮೊದಲು ಮೇಡಂ ಮೂಲದ ಫೋಟೋವನ್ನು ದೊಡ್ಡದು ಮಾಡಿ ಒಂದು ವಿಷಯ ತೋರಿಸಿದರು. ಅಳಿಸಿದವನ ಉಳಿ ಹೆಸರಿನ ಕೊನೆಯ ಅಕ್ಷರದ ತನಕ ರಭಸದಿಂದ ಬಂದಿದೆ. ಅಲ್ಲಿಂದ ಕೂದಲೆಳೆ ಆಚೆ ನಮ್ಮ ಗವರ್ನರ್ ಆಗ ಹಿಡಿದ ಖಜಾನೆ ಹುದ್ದೆಯ ಹೆಸರು ಶುರುವಾಗುತ್ತದೆ. ಅಲ್ಲಿ ಉಳಿಯ ಏಟುಗಳು ಸಣ್ಣದಾಗಿ, ಹತ್ತಿರ ಹತ್ತಿರವಾಗಿ, ತಡೆದು ತಡೆದು ಬಿದ್ದಿವೆ. ಪಕ್ಕದ ಅಕ್ಷರಕ್ಕೆ ಒಂದು ಗೀರೂ ಇಲ್ಲ.

"ಅಪ್ಪಣೆ ಮೇಲೆ ಬಂದೋನು. ಬೇರೆ ಊರಿನ ಕಲ್ಲುಗಳಲ್ಲಿ ಅಕ್ಕಪಕ್ಕದ್ದೂ ಸೇರಿಸಿ ಕೊಚ್ಚಿ ಹಾಕಿರೋದನ್ನ ನೋಡಿದೀನಿ," ಎಂದರು ಮೇಡಂ. "ಇವನು ಮಾತ್ರ ಹುಷಾರಾಗಿದ್ದ."

"ಗವರ್ನರ್ ಮೇಲೆ ಮರ್ಯಾದೆ ಇದ್ದವ ಇರ್ಬೇಕು," ಎಂದೆ.

"ಹಾಗಂತ ನಾನು ಬರೆಯೋಕಾಗಲ್ಲ. ಆದ್ರೆ ನೀವು ಹಾಗಂದ್ಕೊಂಡೇ ಹೊಡೀರಿ."

ಹಲಗೆಯನ್ನು ಮರಳಿನ ಹಾಸಿನ ಮೇಲೆ ಮಲಗಿಸಿದೆವು, ಏಟಿನ ಅದುರು ಕೆಳಗೆ ಇಂಗಲೆಂದು. ಉಳಿಯನ್ನು ಓರೆಯಾಗಿ ಹಿಡಿದು ಮೊದಲ ಅಕ್ಷರದ ತಲೆಗೆ ಹೊಡೆದೆ. ಕಪ್ಪು ಚಕ್ಕೆ ಹಾರಿತು. ಉಸ್ತಾದ್ ಬಾಗಿಲ ಕಡೆ ತಿರುಗಿ ನಿಂತ. ಎರಡು, ಮೂರು ಅಕ್ಷರ ಆಗುವಷ್ಟರಲ್ಲಿ ಲಯ ಸಿಕ್ಕಿತು. ಉಳಿ ತಾನಾಗಿಯೇ ಗೆರೆಗಳ ಅಂಚನ್ನು ಹುಡುಕುತ್ತಿತ್ತು. ಅಂಚು ಮುರಿದರೆ ಸಾಕಿತ್ತು, ಬುಡ ಉಳಿಯುತ್ತಿತ್ತು. ಹಳಬನ ಕಲ್ಲಿನಲ್ಲಿ ಅಕ್ಷರದ ಕಾಲು ಉಳಿದದ್ದು ಹೀಗೆಯೇ ಇರಬೇಕು.

ನಡುವೆ ಒಂದು ಏಟಿಗೆ ದನಿ ಬದಲಾಯಿತು. ಗಂಟೆಯಂತೆ ಕೇಳುತ್ತಿದ್ದ ಕಲ್ಲು ಮಣ್ಣಿನ ಮಡಕೆಯಂತೆ ಕೇಳಿಸಿತು. ಕಲ್ಲಿನವರಿಗೆ ಇದಕ್ಕಿಂತ ಕೆಟ್ಟ ದನಿ ಇಲ್ಲ. ಒಳಗೆ ಬಿರುಕು ಬಿಟ್ಟಿತೆಂದು ಎಲ್ಲರ ಮುಖವೂ ಇಳಿಯಿತು. ನೀರು ಚಿಮುಕಿಸಿ ಕಾದೆವು. ಕಲ್ಲು ಸಮನಾಗಿ ಒಣಗಿತು, ಒದ್ದೆ ಗೆರೆ ಎಲ್ಲೂ ಉಳಿಯಲಿಲ್ಲ. ಪಾಲಿಶ್‌ನವ ನೆಲಕ್ಕೆ ಕೆನ್ನೆ ಹಚ್ಚಿ ಹಲಗೆಯ ಅಡಿಯಲ್ಲಿ ನೋಡಿ ಕೂಗಿದ: "ಮರಳು ಜಾರಿದೆ ಮಾರಾಯ್ರೆ! ಅಡಿಯಲ್ಲಿ ಟೊಳ್ಳು ಉಂಟು!" ಮರಳು ತುಂಬಿ, ತಟ್ಟಿ, ಮತ್ತೆ ಹೊಡೆದೆ. ಗಂಟೆಯ ದನಿ ಬಂತು.

ಕೊನೆಯ ಅಕ್ಷರಕ್ಕೆ ಬಂದಾಗ ಪಕ್ಕದ ಅಕ್ಷರಕ್ಕೆ ಒತ್ತಿ ಒಂದು ಹಿತ್ತಾಳೆ ಪಟ್ಟಿ ಹಿಡಿಯಲು ಪಾಲಿಶ್‌ನವನಿಗೆ ಹೇಳಿದೆ. ಸುತ್ತಿಗೆ ಬದಲಿಸಿ ಚಿಕ್ಕದು ತೆಗೆದುಕೊಂಡೆ. ಏಟು ಸಣ್ಣದಾಯಿತು. ಅಂಗಿ ಬೆನ್ನಿಗೆ ಅಂಟಿತ್ತು, ಅದು ಸೆಕೆಗಲ್ಲ. ಪಟ್ಟಿ ತೆಗೆದಾಗ ಗವರ್ನರನ ಖಜಾನೆ ಹುದ್ದೆ ಅಂಚು ಮುಕ್ಕಾಗದೆ ನಿಂತಿತ್ತು. ಉಸ್ತಾದ್ ಬಾಗಿಲಿನಿಂದ ತಿರುಗಿ ಬಂದು ಬಗ್ಗಿ ನೋಡಿದ. ತನ್ನ ಅಕ್ಷರಗಳ ಬುಡವನ್ನು ಹೆಬ್ಬೆರಳಿನಿಂದ ತಡವಿ, "ಸರಿಯಾಗಿ ಕೊಂದಿದ್ದೀರಿ," ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ.

ಗಾಜಿನ ತಂಡ ತನ್ನ ಚೌಕಟ್ಟು ಇಳಿಸುತ್ತಿರುವಾಗಲೇ ನಮ್ಮ ಲಾರಿ ಮ್ಯೂಸಿಯಮ್ಮಿನ ಹಿಂಬಾಗಿಲಿಗೆ ತಾಗಿತು. ಸೈಟ್ ಮ್ಯಾನೇಜರ್ ಗಡಿಯಾರ ನೋಡಿದ, ಕಲ್ಲು ನೋಡಿದ, "ಯಲ್ಲಾ, ಯಲ್ಲಾ" ಎಂದು ಅವಸರಿಸುತ್ತ ತಾನೇ ಫೋರ್ಕ್‌ಲಿಫ್ಟಿಗೆ ಕೈ ಬೀಸಿದ. ಉಕ್ಕಿನ ಚೌಕಟ್ಟಿಗೆ ಹಲಗೆ ಕೂರಿಸಿ, ಬೋಲ್ಟ್ ಬಿಗಿದು, ಮಟ್ಟ ನೋಡಿದೆವು. ಕೊನೆಯ ಒಪ್ಪಿಗೆ ಮಾತ್ರ ಅವನದ್ದಾಗಿರಲಿಲ್ಲ, ಮೇಡಂದೂ ಆಗಿರಲಿಲ್ಲ. ಮುಟ್ಟಿ ನೋಡುವವರೇ ಒಪ್ಪಬೇಕೆಂದು ಮೊದಲೇ ನಿಶ್ಚಯವಾಗಿತ್ತು. ಹುಟ್ಟಿನಿಂದ ಕಣ್ಣು ಕಾಣದ, ಶಾಲೆಯೊಂದರಲ್ಲಿ ಪಾಠ ಹೇಳುವ ಕತಾರಿ ಮಹಿಳೆಯೊಬ್ಬರು ಬಂದಿದ್ದರು. ಆ ಸಾಲಿನ ಬಗ್ಗೆ ಅವರಿಗೆ ಯಾರೂ ಒಂದು ಮಾತೂ ಹೇಳಿರಲಿಲ್ಲ.

ಮೇಡಂ ಹೇಳಿದಂತೆ ಅವರು ಕೆಳಗಿನಿಂದ ಮೇಲಕ್ಕೆ ಶುರು ಮಾಡಿದರು. ಬೆರಳು ಬೀದಿಗಳನ್ನು ದಾಟಿತು, ಸೈನ್ಯ ದಾಟಿತು. ಖಜಾನೆಯ ಹತ್ತಿರ ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು. ಎರಡೂ ಕೈ ಇಟ್ಟರು. ಅರಬ್ಬಿಯಲ್ಲಿ ಏನೋ ಕೇಳಿದರು. ಮೇಡಂ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

"'ಇಲ್ಲಿ ಯಾರದೋ ಹೆಸರು ಇತ್ತು. ಯಾಕೆ ಹೊಡೆದು ಹಾಕಿದ್ರು?' ಅಂತ ಕೇಳ್ತಿದಾರೆ."

ಪಾಲಿಶ್‌ನವ ನನ್ನ ತೋಳು ಹಿಡಿದುಕೊಂಡ. ಆ ಮಹಿಳೆಯ ಬೆರಳು ಮುಂದೆ ಸರಿದು ಪಕ್ಕದ ಅಕ್ಷರವನ್ನು ಮುಟ್ಟಿತು. ಅದರ ಚೂಪು ಅಂಚನ್ನು ಒಮ್ಮೆ ಮೇಲಿನಿಂದ ಕೆಳಗೆ ಸವರಿ, ಅಲ್ಲಿಂದ ಮೇಲಿನ ಸಾಲಿಗೆ ಏರಿತು. ನ್ಯಾಯಾಧೀಶ, ದಂಡನಾಯಕ, ಗವರ್ನರ್. ಮೇಡಂ ಪಕ್ಕದಲ್ಲಿ ನಿಂತು ಒಂದೊಂದನ್ನೇ ಹೇಳುತ್ತಾ ಹೋದರು. ನಾವು ಹಿಂದೆ ಸರಿದು ಹಾದಿ ಬಿಟ್ಟೆವು.

ಈಗ ನನಗೆ ಇರುವುದು ಇಷ್ಟು. ಸನಾಯದಲ್ಲಿ ಒಂದು ಶೆಡ್ಡು, ಒಂದು ಲಾರಿ. ಮುಐದರ್‌ನಲ್ಲಿ ಬಾಡಿಗೆಗೆ ಎರಡು ಕೋಣೆ. ಕೈಕೆಳಗೆ ಆರು ಮಂದಿ. ಮ್ಯೂಸಿಯಮ್ಮಿನಲ್ಲಿ ನಿಂತಿರುವ ಕಲ್ಲು ಒಂದು.